ಬ್ಯಾಡಗಿ ಗೋದಾಮಿನಿಂದ ಬಂದರಿನ ಗೇಟಿನವರೆಗೆ: ಕಂಟೇನರ್ ಮಾಹಿತಿ ಜೋಡಿಸುವ ಸೇವೆ, ಮೂರು ಹಂಗಾಮಿನ ಬಳಕೆಯ ನಂತರ

ಐದಕ್ಕೆ ಮೂರೂವರೆ ಅಂಕ. ಅದರಲ್ಲಿ ಮೂರು ಅಂಕ ಒಂದೇ ಕೆಲಸಕ್ಕೆ: ಬಂದರಿನ ಗೇಟು ತೆರೆಯುವ ದಿನವೋ ಮುಚ್ಚುವ ಗಂಟೆಯೋ ಬದಲಾದರೆ, ಗಾಡಿ ಬ್ಯಾಡಗಿ ಬಿಡುವ ಮೊದಲೇ ಇದು ತಿಳಿಸುತ್ತದೆ. ಉಳಿದದ್ದಕ್ಕೆಲ್ಲ ಸೇರಿ ಅರ್ಧ ಅಂಕ. ಮಾರಾಟದವರು ಮೊದಲ ದಿನ ತೋರಿಸುವ ನಕಾಶೆಗೆ, ಅದರ ಮೇಲೆ ಇರುವೆಯಂತೆ ಹರಿದಾಡುವ ಲಾರಿ ಚಿತ್ರಕ್ಕೆ ಸೊನ್ನೆ. ಗಾಡಿ ಎಲ್ಲಿದೆ ಎಂದು ಕೇಳಲು ಡ್ರೈವರನ ಫೋನು ಸಾಕು.

ಸೇವೆಯ ಹೆಸರು ಬರೆಯುತ್ತಿಲ್ಲ. ಇಂಥವು ನಾಲ್ಕಾರು ಇವೆ, ಕಣಕ ಬೇರೆ, ಹೂರಣ ಹೆಚ್ಚು ಕಡಿಮೆ ಒಂದೇ. ಬಳಸಿದ್ದು ಮುಖ್ಯವಾಗಿ ಕಡ್ಡಿ ಮತ್ತು ಡಬ್ಬಿ ತಳಿಯ ಒಣಮೆಣಸಿನಕಾಯಿಗೆ, ನಡುನಡುವೆ ಹುಬ್ಬಳ್ಳಿಯ ವಾಲ್ವ್ ಕಾರ್ಖಾನೆಗಳ ಸರಕಿಗೆ. ಬಂದರುಗಳು ಮುಂಬೈ ಬಳಿಯ ನ್ಹಾವಾ ಶೇವಾ, ಪಣಂಬೂರಿನ ನವಮಂಗಳೂರು, ಅಪರೂಪಕ್ಕೆ ಗೋವಾದ ಮರ್ಮಗೋವಾ.

ಇದು ಮಾಡುವ ಕೆಲಸ ಕೇಳಲು ಸಣ್ಣದು. ಒಂದೇ ಕಂಟೇನರಿಗೆ ಊರು ಬದಲಾದಂತೆ ಹೆಸರು ಬದಲಾಗುತ್ತದೆ. ಹಡಗು ಕಂಪನಿಗೆ ಅದು ಬುಕಿಂಗ್ ನಂಬರು, ಟರ್ಮಿನಲ್‌ಗೆ ಕಂಟೇನರ್ ನಂಬರು, ಕಸ್ಟಮ್ಸ್‌ಗೆ ಶಿಪ್ಪಿಂಗ್ ಬಿಲ್ಲು (ರಫ್ತಿನ ಘೋಷಣೆ ಪತ್ರ), ಜಿಎಸ್‌ಟಿಗೆ ಇ-ವೇ ಬಿಲ್ಲು (ಸರಕು ಸಾಗಣೆ ಪತ್ರ) ಮತ್ತು ಗಾಡಿ ನಂಬರು, ಟ್ರಾನ್ಸ್‌ಪೋರ್ಟ್‌ನವರಿಗೆ ಎಲ್‌ಆರ್ (ಲಾರಿ ರಸೀತಿ). ಈ ಐದನ್ನೂ ಒಂದೇ ಸಾಲಿಗೆ ಕಟ್ಟಿ, ಆಯಾ ಕಡೆಯಿಂದ ಬರುವ ಸುದ್ದಿಯನ್ನು ಆ ಸಾಲಿಗೆ ಸೇರಿಸುವುದೇ ಸೇವೆ. ಸುದ್ದಿಯ ಮೂಲಗಳು ಗುಟ್ಟಿನವೇನಲ್ಲ. ಕಂಟೇನರಿಗೆ ಅಂಟಿಸಿದ ಆರ್‌ಎಫ್‌ಐಡಿ ಟ್ಯಾಗನ್ನು ಗೇಟು, ಟೋಲುಗಳಲ್ಲಿ ಓದುವ ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕ್ 2016ರಿಂದ ಇದೆ. ಫಾಸ್ಟ್ಯಾಗ್, ವಾಹನ್ (ಗಾಡಿ ನೋಂದಣಿ ದಾಖಲೆ), ಇ-ವೇ ಬಿಲ್ಲು, ಐಸ್‌ಗೇಟ್ (ಕಸ್ಟಮ್ಸ್ ತಾಣ) ಇವುಗಳನ್ನು ಒಂದು ಕಿಂಡಿಯಲ್ಲಿ ಕೊಡುವ ಯುಲಿಪ್ ವೇದಿಕೆ 2022ರ ಸೆಪ್ಟೆಂಬರ್ 17ರಂದು ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯ ಜೊತೆ ಬಂತು. ಟರ್ಮಿನಲ್ ಮತ್ತು ಹಡಗು ಕಂಪನಿಗಳ ನಡುವೆ ಎಡಿಫ್ಯಾಕ್ಟ್ ಎಂಬ ಹಳೆಯ ಮಾದರಿಯ ಕಂಪ್ಯೂಟರ್ ಸಂದೇಶಗಳೇ ಇಂದಿಗೂ ಓಡುತ್ತವೆ: ಗೇಟಿನ ಒಳ-ಹೊರಗಿಗೆ ಕೊಡೆಕೊ, ಹಡಗಿಗೆ ಏರಿಸಿದ್ದಕ್ಕೂ ಇಳಿಸಿದ್ದಕ್ಕೂ ಕೋಆರಿ. ದುಡ್ಡು ಕೊಡುವುದು ಮಾಹಿತಿಗಲ್ಲ, ಜೋಡಣೆಗೆ. ಇದು ತಲೆಯಲ್ಲಿದ್ದರೆ ಚೌಕಾಸಿ ಸುಲಭ.

ಮೊದಲು ಗೇಟಿನ ವಿಷಯ. ರಫ್ತು ಕಂಟೇನರನ್ನು ಟರ್ಮಿನಲ್ ಯಾವಾಗ ಬೇಕಾದರೂ ಒಳಗೆ ಬಿಡುವುದಿಲ್ಲ. ಹಡಗಿಗೆ ಇಷ್ಟು ದಿನ ಮುಂಚೆ ಗೇಟು ತೆರೆಯುತ್ತದೆ, ಇಂಥ ಗಂಟೆಗೆ ಕಟ್-ಆಫ್, ಅಂದರೆ ಗೇಟು ಮುಚ್ಚುತ್ತದೆ. ಹಡಗು ಹಿಂದಿನ ಬಂದರಿನಲ್ಲಿ ತಡವಾದರೆ ಇವೆರಡೂ ಮುಂದಕ್ಕೆ ಜರುಗುತ್ತವೆ. ಕಾರಣ ಯಾರ್ಡಿನಲ್ಲಿದೆ. ಕಂಟೇನರುಗಳನ್ನು ಒಂದರ ಮೇಲೊಂದು ಪೇರಿಸುವಾಗ ಹಡಗು, ಇಳಿಯುವ ಬಂದರು, ತೂಕ ಇವುಗಳ ಲೆಕ್ಕದಲ್ಲಿ ಜಾಗ ಕೊಡುತ್ತಾರೆ. ಮೊದಲು ಬೇಕಾದ ಡಬ್ಬ ಅಡಿಯಲ್ಲಿ ಸಿಕ್ಕಿಬಿದ್ದರೆ ಮೇಲಿನ ಎರಡು ಮೂರನ್ನು ಎತ್ತಿ ಪಕ್ಕಕ್ಕಿಡಬೇಕು. ಅಷ್ಟು ಹೊತ್ತು ಹಡಗಿನ ಕ್ರೇನ್ ಕಾಯಬೇಕು, ಆ ಕ್ರೇನಿಗಾಗಿ ಒಳಗಿನ ಟ್ರೇಲರುಗಳ ಸಾಲೂ ಕಾಯಬೇಕು. ಅವಧಿಗೆ ಮುಂಚೆ ಬಂದ ಪೆಟ್ಟಿಗೆಯನ್ನು ಗೇಟಿನ ಹೊರಗೇ ನಿಲ್ಲಿಸುವುದು ಇದಕ್ಕೇ.

ಹೊರಗೆ ನಿಂತರೆ ನಮ್ಮ ಸರಕಿಗೆ ಎರಡು ಪೆಟ್ಟು. ಗಾಡಿಯ ಹಾಲ್ಟಿಂಗ್, ಅಂದರೆ ನಿಂತದ್ದಕ್ಕೆ ಕೊಡುವ ಬಾಡಿಗೆ, ಒಂದು. ಬಿಸಿಲಿಗೆ ಕಾದ ಕಬ್ಬಿಣದ ಡಬ್ಬದೊಳಗೆ ಮೆಣಸಿನಕಾಯಿಯ ಬಣ್ಣ ಇಳಿಯುವುದು ಇನ್ನೊಂದು. ಬ್ಯಾಡಗಿ ಕಾಯಿಗೆ ಬೆಲೆ ಬರುವುದೇ ಬಣ್ಣಕ್ಕೆ. ಹಾಗಾಗಿ ಗೇಟಿನ ಬದಲಾವಣೆ ಸ್ಟಫಿಂಗ್‌ಗೆ (ಕಂಟೇನರಿಗೆ ಸರಕು ತುಂಬುವುದಕ್ಕೆ) ಮುನ್ನ ತಿಳಿದರೆ ಹಮಾಲರನ್ನು ಒಂದು ದಿನ ತಡೆಯಬಹುದು, ಮಾಲು ಕೋಲ್ಡ್ ಸ್ಟೋರೇಜಿನಲ್ಲೇ ಇರುತ್ತದೆ. ಎಚ್ಚರಿಕೆಯನ್ನು ಮೂರು ಹಂತದಲ್ಲಿ ಇಟ್ಟುಕೊಳ್ಳಿ: ಖಾಲಿ ಕಂಟೇನರ್ ಎತ್ತುವ ಮುನ್ನ, ಸ್ಟಫಿಂಗ್ ಶುರುವಾಗುವ ಮುನ್ನ, ಗಾಡಿ ಹೊರಡುವ ಮುನ್ನ. ಒಂದೇ ಎಚ್ಚರಿಕೆ ಇಟ್ಟರೆ ಅದು ಬರುವ ಹೊತ್ತಿಗೆ ಗಾಡಿ ಬೆಳಗಾವಿ ದಾಟಿರುತ್ತದೆ. ಗೇಟ್ ಕಟ್-ಆಫ್, ದಾಖಲೆಯ ಕಟ್-ಆಫ್, ತೂಕದ ಕಟ್-ಆಫ್ ಮೂರೂ ಬೇರೆ ಬೇರೆ. ಸೇವೆಯ ಮೊದಲ ಪರದೆಯಲ್ಲಿ ಕಾಣುವುದು ಗೇಟಿನದು ಮಾತ್ರ, ಉಳಿದೆರಡನ್ನು ಕಾಲಂ ಸೆಟ್ಟಿಂಗಿನಲ್ಲಿ ಹುಡುಕಿ ಹೊರಗೆ ತರಬೇಕು.

ತೂಕದ ಮಾತು ಬಂತು. ತುಂಬಿದ ಕಂಟೇನರಿನ ದೃಢೀಕೃತ ತೂಕ, ಅಂದರೆ ವಿಜಿಎಂ, 2016ರ ಜುಲೈ 1ರಿಂದ ಕಡ್ಡಾಯ. ಎರಡು ವಿಧಾನ: ತುಂಬಿದ ಕಂಟೇನರನ್ನೇ ತೂಗುವುದು, ಇಲ್ಲವೇ ಸರಕು, ಚೀಲ, ಕಟ್ಟುವ ಸಾಮಾನು, ಬಾಗಿಲ ಮೇಲೆ ಬರೆದಿರುವ ಖಾಲಿ ತೂಕ ಇಷ್ಟನ್ನೂ ಕೂಡುವುದು. ನಮ್ಮ ಕಡೆ ಪದೇ ಪದೇ ಆಗುವ ತಪ್ಪು ವೇ ಬ್ರಿಜ್ ಚೀಟಿಯ ಒಟ್ಟು ತೂಕವನ್ನು ಹಾಗೇ ಬಡಿಯುವುದು. ಅದರಲ್ಲಿ ಟ್ರೇಲರಿನ ತೂಕವೂ ಸೇರಿರುತ್ತದೆ. ಮೆಣಸಿನಕಾಯಿ ಹಗುರ ಸರಕು, ಎತ್ತರ ಹೆಚ್ಚಿರುವ 40 ಅಡಿಯ ಹೈ ಕ್ಯೂಬ್ ಡಬ್ಬ ಸೂರು ಮುಟ್ಟುವಷ್ಟು ತುಂಬಿದರೂ ತೂಕದ ಮಿತಿ ದೂರವೇ ಇರುತ್ತದೆ. ಹಾಗಾಗಿ ಟ್ರೇಲರಿನ ತೂಕ ಸೇರಿಸಿದರೂ ತಂತ್ರಾಂಶ ‘ಮಿತಿ ಮೀರಿದೆ’ ಎಂದು ಕೂಗುವುದಿಲ್ಲ, ಸುಮ್ಮನೆ ನುಂಗಿಕೊಳ್ಳುತ್ತದೆ. ಟರ್ಮಿನಲ್ ನಮ್ಮ ಹಗುರ ಡಬ್ಬವನ್ನು ಭಾರದವುಗಳ ಸಾಲಿಗೆ ಹಾಕುತ್ತದೆ. ಸರಕಿನ ಬಗೆಗೆ ತಕ್ಕ ಮೇಲಿನ ಮಿತಿಯನ್ನು ನೀವೇ ಹಾಕಿಕೊಳ್ಳುವ ಸೌಲಭ್ಯ ಎರಡನೇ ವರ್ಷ ಬಂತು. ತಪ್ಪದೆ ಬಳಸಿ. ವಾಲ್ವ್ ಸರಕಿಗೆ ಮಿತಿ ಬೇರೆ ಇಡಬೇಕು. ಅದು 20 ಅಡಿಯ ಡಬ್ಬ ಅರ್ಧ ತುಂಬುವ ಮೊದಲೇ ತೂಕಕ್ಕೆ ಬಂದು ನಿಲ್ಲುತ್ತದೆ.

ಕಂಟೇನರ್ ನಂಬರ್ ಬರೆಯುವುದರಲ್ಲಿ ಎಲ್ಲ ಜೋಡಣೆಯ ಜೀವ ಇದೆ. ನಾಲ್ಕು ಅಕ್ಷರ, ಆರು ಅಂಕಿ, ಕೊನೆಗೆ ಚೌಕದೊಳಗಿನ ಒಂದು ತಾಳೆ ಅಂಕಿ. ಒಟ್ಟು 11, ನಡುವೆ ಜಾಗವಾಗಲಿ ಗೆರೆಯಾಗಲಿ ಇರಬಾರದು. ತಾಳೆ ಅಂಕಿಯ ಲೆಕ್ಕ ಹೀಗೆ: ಅಕ್ಷರಗಳಿಗೆ 10ರಿಂದ ಶುರುವಾಗಿ 11, 22, 33 ಬಿಟ್ಟು ಬೆಲೆ ಕೊಡುತ್ತಾರೆ. ಮೊದಲ ಸ್ಥಾನವನ್ನು 1ರಿಂದ, ಎರಡನೆಯದನ್ನು 2ರಿಂದ, ಮೂರನೆಯದನ್ನು 4ರಿಂದ, ಹೀಗೆ ಇಮ್ಮಡಿಸುತ್ತ 512ರವರೆಗೆ ಗುಣಿಸಿ ಕೂಡಿ 11ರಿಂದ ಭಾಗಿಸಿದರೆ ಉಳಿಯುವುದೇ ತಾಳೆ ಅಂಕಿ. ಪಾಠಗಳಲ್ಲಿ ಬರುವ ಉದಾಹರಣೆ ಸಿಎಸ್‌ಕ್ಯೂಯು 305438. ಒಟ್ಟು 6185, ಶೇಷ 3. ಒಂದು ಅಂಕಿ ತಪ್ಪಿದರೂ, ಪಕ್ಕದ ಎರಡು ಅಂಕಿ ಅದಲುಬದಲಾದರೂ ಇದು ಹೆಚ್ಚುಕಡಿಮೆ ಯಾವಾಗಲೂ ಹಿಡಿಯುತ್ತದೆ. ಶೇಷ 10 ಬಂದಾಗ ಅದನ್ನೂ 0 ಎಂದೇ ಬರೆಯುವುದರಿಂದ ಅಲ್ಲೊಂದು ಸಣ್ಣ ಕಂಡಿ ಉಳಿದಿದೆ. ಸೇವೆಯ ಮೊಬೈಲ್ ಆ್ಯಪ್ ಈ ತಾಳೆ ನೋಡುತ್ತದೆ. ಎಕ್ಸೆಲ್ ಹಾಳೆ ಏರಿಸುವಾಗ ಮಾತ್ರ ನೋಡುವುದಿಲ್ಲ! ಹಂಗಾಮಿನಲ್ಲಿ ಎಲ್ಲರೂ ಏರಿಸುವುದು ಎಕ್ಸೆಲ್ ಹಾಳೆಯನ್ನೇ. ಹಾಳೆಯಲ್ಲೇ ಸೂತ್ರ ಹಾಕಿಟ್ಟುಕೊಳ್ಳುವುದು ಉತ್ತಮ.

ಇನ್ನು ಗಡಿಯಾರದ ಗೋಜಲು. ಇದರಲ್ಲಿ ಹೋಗುವ ದುಡ್ಡು ಹೆಚ್ಚು, ಕಣ್ಣಿಗೆ ಬೀಳುವುದು ಕಡಿಮೆ. ಕೆಲವು ಮೂಲಗಳು ಸಮಯವನ್ನು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಕಳಿಸುತ್ತವೆ, ಕೆಲವು ಭಾರತೀಯ ಸಮಯದಲ್ಲಿ. ಖಾಲಿ ಕಂಟೇನರ್ 10ನೇ ತಾರೀಖು ಯುಟಿಸಿ 19:10ಕ್ಕೆ ಯಾರ್ಡಿನಿಂದ ಹೊರಬಿತ್ತು ಅಂದರೆ ನಮ್ಮ ಗಡಿಯಾರದಲ್ಲಿ ಅದು 11ನೇ ತಾರೀಖು ರಾತ್ರಿ 12:40. ಐದೂವರೆ ತಾಸಿನ ಈ ವ್ಯತ್ಯಾಸ ಉಚಿತ ದಿನಗಳ ಲೆಕ್ಕವನ್ನು ಒಂದು ದಿನ ಅತ್ತಿತ್ತ ಮಾಡುತ್ತದೆ. ಡಿಟೆನ್ಶನ್, ಅಂದರೆ ಉಚಿತ ದಿನ ಮೀರಿ ಕಂಟೇನರ್ ಇಟ್ಟುಕೊಂಡದ್ದಕ್ಕೆ ಹಡಗು ಕಂಪನಿ ಹಾಕುವ ಶುಲ್ಕ, ದಿನದ ಲೆಕ್ಕದ್ದು, ಗಂಟೆಯದಲ್ಲ. ಪರದೆಯಲ್ಲಿ ಯಾವ ಸಮಯ ಎಂದು ಬರೆದಿರುವುದಿಲ್ಲ. ಪರೀಕ್ಷಿಸುವ ದಾರಿ: ಹೊಸ ಬಂದರು ಸೇರಿಸಿದಾಗ ಮೊದಲ ಐದಾರು ಕಂಟೇನರುಗಳ ಗೇಟ್ ಚೀಟಿಯ ಸಮಯವನ್ನು ಪರದೆಯ ಸಮಯದ ಪಕ್ಕ ಇಟ್ಟು ನೋಡಿ. ವ್ಯತ್ಯಾಸ ಸರಿಯಾಗಿ 5:30 ಬಂದರೆ ಸಹಾಯವಾಣಿಗೆ ಹೇಳಿ ಆ ಮೂಲಕ್ಕೆ ಮಾತ್ರ ತಿದ್ದಿಸಬೇಕು. ಎಲ್ಲಕ್ಕೂ ತಿದ್ದಿಸಿದರೆ ಸರಿಯಿದ್ದವೂ ಕೆಡುತ್ತವೆ.

ಇದರ ಅಣ್ಣತಮ್ಮ ಇನ್ನೊಂದು: ಅಂದಾಜು ಸಮಯ ಮತ್ತು ನಡೆದ ಸಮಯ ಒಂದೇ ಬಣ್ಣದಲ್ಲಿ ಕಾಣುವುದು. 2019ರಲ್ಲಿ ದೊಡ್ಡ ಹಡಗು ಕಂಪನಿಗಳು ಕೂಡಿ ಕಟ್ಟಿದ ಡಿಸಿಎಸ್‌ಎ ಸಂಸ್ಥೆಯ ಮಾನಕದಲ್ಲಿ ಪ್ರತಿ ಘಟನೆಗೂ ಯೋಜಿತ, ಅಂದಾಜು, ವಾಸ್ತವ ಎಂಬ ಗುರುತು ಇದೆ. ಒಳಗಿನ ದತ್ತಾಂಶದಲ್ಲಿ ಈ ಗುರುತು ಬರುತ್ತದೆ, ಹೊರಗಿನ ಪರದೆಯಲ್ಲಿ ಅಳಿಸಿಹೋಗಿರುತ್ತದೆ. ‘ಹಡಗಿಗೆ ಏರಿತು’ ಎಂದು ನೋಡಿ ಬ್ಯಾಂಕಿಗೆ ಕಾಗದ ಸಿದ್ಧಮಾಡಿದರೆ, ಅದು ಯೋಜನೆಯ ಸಾಲು ಅಂತ ಮರುದಿನ ಗೊತ್ತಾಗುತ್ತದೆ. ಫಿಲ್ಟರಿನಲ್ಲಿ ವಾಸ್ತವ ಒಂದನ್ನೇ ಇಟ್ಟು ಇನ್ನೊಂದು ನೋಟ ಉಳಿಸಿಕೊಳ್ಳಿ, ಕಾಗದಪತ್ರ ನೋಡುವವರಿಗೆ ಅದನ್ನೇ ಕೊಡಿ.

ನವಮಂಗಳೂರಿನಿಂದ ಸಣ್ಣ ಹಡಗಿನಲ್ಲಿ ಕೊಲಂಬೊಗೆ ಹೋಗಿ ಅಲ್ಲಿ ದೊಡ್ಡ ಹಡಗು ಹತ್ತುವ ಕಂಟೇನರಿದ್ದರೆ, ಕೊಲಂಬೊದಲ್ಲಿ ಇಳಿಸಿದ ಸಂದೇಶವನ್ನೇ ಹಿಡಿದು ಸೇವೆ ‘ತಲುಪಿದೆ’ ಎಂದು ಹಸಿರು ಗುರುತು ಹಾಕುತ್ತದೆ. ಬುಕಿಂಗಿನಲ್ಲಿ ಅಂತಿಮ ಬಂದರಿನ ಐದಕ್ಷರದ ಸಂಕೇತ ತುಂಬಿದರೆ ಈ ಕಾಟ ಇಲ್ಲ. ಊರ ಹೆಸರು ಬರೆದರೆ ಇದೆ.

ರಸ್ತೆ ಭಾಗ ಸಾಧಾರಣ. ಇ-ವೇ ಬಿಲ್ಲಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನ, 2021ರ ಜನವರಿ 1ರಿಂದ. ಹುಬ್ಬಳ್ಳಿಯಿಂದ ನ್ಹಾವಾ ಶೇವಾಗೆ 500 ಕಿ.ಮೀ.ಗೂ ಹೆಚ್ಚಾದ್ದರಿಂದ ಮೂರು ದಿನ ಸಿಗುತ್ತದೆ. ಅವಧಿ ಮುಗಿಯುವ ಮುಂಚಿನ 8 ತಾಸಿನಲ್ಲಿ ಅಥವಾ ಮುಗಿದ ಮೇಲೆ 8 ತಾಸಿನೊಳಗೆ ವಿಸ್ತರಿಸಬೇಕು. ಈ ಎಚ್ಚರಿಕೆ ಸರಿಯಾಗಿ ಬರುತ್ತದೆ. ಎಡವುವುದು ದಾರಿಯಲ್ಲಿ ಗಾಡಿ ಕೆಟ್ಟು ಕಂಟೇನರ್ ಬೇರೆ ಗಾಡಿಗೆ ಹೋದಾಗ. ಟ್ರಾನ್ಸ್‌ಪೋರ್ಟ್‌ನವರು ಇ-ವೇ ಬಿಲ್ಲಿನ ಭಾಗ ಬಿ, ಅಂದರೆ ಗಾಡಿ ನಂಬರಿರುವ ಭಾಗ, ತಿದ್ದುತ್ತಾರೆ, ಸೇವೆ ಹಳೆಯ ಗಾಡಿಯ ಫಾಸ್ಟ್ಯಾಗನ್ನೇ ಬೆನ್ನು ಹತ್ತಿರುತ್ತದೆ. ಕಂಟೇನರ್ ಗೇಟಿನಲ್ಲಿ, ಪರದೆಯ ಮೇಲಿನ ಲಾರಿ ಗ್ಯಾರೇಜಿನಲ್ಲಿ. ಗಾಡಿ ನಂಬರನ್ನು ಕೈಯಾರೆ ಮರುಜೋಡಿಸಬೇಕು.

ಮಳೆಗಾಲದಲ್ಲಿ ಕರಾವಳಿ ದಾರಿಯ ತಲುಪುವ ಅಂದಾಜನ್ನು ನಂಬಬೇಡಿ. ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲಾದಿಂದ ಎನ್‌ಎಚ್ 66 ಹಿಡಿಯುವ ಗಾಡಿಗೆ ಅಂದಾಜು ಬರುವುದು ಹಿಂದಿನ ಓಡಾಟದ ಸರಾಸರಿಯಿಂದ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಅದೇ ಹೆದ್ದಾರಿ ಬಂದ್ ಆದಂಥ ಸಂದರ್ಭವನ್ನು ಯಾವ ಸರಾಸರಿಯೂ ಹೇಳದು. ಟೋಲಿನಿಂದ ಟೋಲಿಗೆ ಸುದ್ದಿ ಬರುವ ವ್ಯವಸ್ಥೆಯಲ್ಲಿ ನಿಂತ ಗಾಡಿಯೂ ನಿಧಾನದ ಗಾಡಿಯೂ ಬಹಳ ಹೊತ್ತು ಒಂದೇ ಥರ ಕಾಣುತ್ತವೆ.

ಕಸ್ಟಮ್ಸ್ ಜೋಡಣೆ ಅರ್ಧ ಅಂಕದಲ್ಲಿ ದೊಡ್ಡ ಪಾಲು ಪಡೆದದ್ದು. ಶಿಪ್ಪಿಂಗ್ ಬಿಲ್ಲಿನ ನಂಬರ್ ಒಂದನ್ನೇ ಹಾಕಿದರೆ ಸಾಲದು. ನಂಬರ್, ದಿನಾಂಕ, ಬಂದರಿನ ಸಂಕೇತ ಮೂರೂ ಬೇಕು. ನ್ಹಾವಾ ಶೇವಾಗೆ ಐಎನ್‌ಎನ್‌ಎಸ್‌ಎ1, ನವಮಂಗಳೂರಿಗೆ ಐಎನ್‌ಎನ್‌ಎಂಎಲ್1. ಲೆಟ್ ಎಕ್ಸ್‌ಪೋರ್ಟ್ (ಕಸ್ಟಮ್ಸ್‌ನ ರಫ್ತು ಅನುಮತಿ) ಆದದ್ದು, ಹಡಗು ಹೋದ ಮೇಲೆ ಇಜಿಎಂ (ಹಡಗು ಒಯ್ದ ರಫ್ತು ಸರಕಿನ ಪಟ್ಟಿ) ಸಲ್ಲಿಕೆಯಾದದ್ದು ಎರಡೂ ಒಂದೇ ಸಾಲಿನಲ್ಲಿ ಕಾಣುತ್ತವೆ. ಐಜಿಎಸ್‌ಟಿ ತೆರಿಗೆ ಕಟ್ಟಿ ರಫ್ತು ಮಾಡುವವರಿಗೆ ಇದು ಮುಖ್ಯ, ಏಕೆಂದರೆ ಇಜಿಎಂ ಇಲ್ಲದೆ ಮರುಪಾವತಿ ಹೊರಡುವುದಿಲ್ಲ. ತಡೆಯ ಸಂಕೇತವನ್ನೂ ತೋರಿಸುತ್ತದೆ: ಎಸ್‌ಬಿ002 ಇದ್ದರೆ ಇಜಿಎಂ ಬಂದಿಲ್ಲ, ಎಸ್‌ಬಿ003 ಇದ್ದರೆ ಜಿಎಸ್‌ಟಿ ನಂಬರ್ ತಾಳೆಯಿಲ್ಲ, ಎಸ್‌ಬಿ005 ಇದ್ದರೆ ಇನ್‌ವಾಯ್ಸ್ ತಾಳೆಯಿಲ್ಲ, ಎಸ್‌ಬಿ006 ಇದ್ದರೆ ಒಳನಾಡಿನ ಡಿಪೊದಿಂದ ಹೋದ ಸರಕಿಗೆ ಬಂದರಿನ ಇಜಿಎಂ ಸೇರಿಲ್ಲ. ಯಾರಿಗೆ ಫೋನ್ ಮಾಡಬೇಕು ಎಂಬುದು ಇದರಿಂದಲೇ ತೀರ್ಮಾನವಾಗುತ್ತದೆ: 002 ಮತ್ತು 006 ಇದ್ದರೆ ಹಡಗು ಕಂಪನಿಗೆ, 003 ಮತ್ತು 005 ಇದ್ದರೆ ನಿಮ್ಮದೇ ಲೆಕ್ಕಿಗರಿಗೆ, ಸಿಎಚ್‌ಎಗೆ (ಕಸ್ಟಮ್ಸ್ ಏಜೆಂಟರಿಗೆ).

ಜೋಡಣೆಯಾಗದೆ ಉಳಿದದ್ದು ಸ್ಪೈಸಸ್ ಬೋರ್ಡಿನ ಮಾದರಿ ಪರೀಕ್ಷೆ ಮತ್ತು ಫೈಟೊಸ್ಯಾನಿಟರಿ (ಕೀಟ, ರೋಗ ಇಲ್ಲವೆಂಬ) ಪ್ರಮಾಣಪತ್ರದ ಸ್ಥಿತಿ. ಮೆಣಸಿನಕಾಯಿಗೆ ಕಟ್-ಆಫ್ ತಪ್ಪುವುದು ಬಹಳ ಸಲ ಇವೆರಡರ ಕಾಯುವಿಕೆಯಲ್ಲೇ. ಸೇವೆಯಲ್ಲಿ ಇವಕ್ಕೆ ಖಾಲಿ ಕಾಲಂ ಕೊಟ್ಟಿದ್ದಾರೆ, ಕೈಯಿಂದ ತುಂಬಬೇಕು. ಇದು ಬಂದರಿನ ತಂತ್ರಾಂಶ ಮಾಡುವವರ ಕಣ್ಣಿನ ದೋಷ. ಅವರಿಗೆ ಸರಕು ಹುಟ್ಟುವುದೇ ಗೇಟಿನಲ್ಲಿ.

ಕೊಳ್ಳುವುದಾದರೆ ತಿಂಗಳ ಬಾಡಿಗೆಯ ಯೋಜನೆ ಬೇಡ, ಕಂಟೇನರ್ ಲೆಕ್ಕದ್ದು ತೆಗೆದುಕೊಳ್ಳಿ. ಸೋಮವಾರ, ಗುರುವಾರದ ಬ್ಯಾಡಗಿ ಪೇಟೆ ತುಂಬಿ ತುಳುಕುವುದು ವರ್ಷದ ಕೆಲವೇ ತಿಂಗಳು, ಉಳಿದ ಕಾಲಕ್ಕೆ ಬಾಡಿಗೆ ದಂಡ. ವಾರಕ್ಕೆ ಒಂದೆರಡು ಕಂಟೇನರ್ ಕಳಿಸುವವರಿಗೆ ಇದರ ಹಂಗೇ ಬೇಡ. ಲಾಜಿಸ್ಟಿಕ್ಸ್ ಡೇಟಾ ಬ್ಯಾಂಕಿನ ತಾಣದಲ್ಲಿ ಕಂಟೇನರ್ ನಂಬರು, ಐಸ್‌ಗೇಟಿನಲ್ಲಿ ಶಿಪ್ಪಿಂಗ್ ಬಿಲ್ಲು, ಹಡಗು ಕಂಪನಿಯ ತಾಣದಲ್ಲಿ ಬುಕಿಂಗು ನೋಡಿ ಒಂದು ಹಾಳೆಯಲ್ಲಿ ಬರೆದಿಟ್ಟರೆ ಸಾಕು. ಒಂದೇ ಹಡಗಿಗೆ ನಾಲ್ಕೈದು ಗಾಡಿ ಬಿಡುವವರಿಗೆ ಹಾಳೆ ಸಾಲದು.

ಕರಾರು ನವೀಕರಿಸದಿದ್ದರೆ ಹಳೆಯ ದಾಖಲೆ 30 ದಿನದಲ್ಲಿ ಅಳಿಯುತ್ತದೆ ಎಂದು ಸಣ್ಣ ಅಕ್ಷರದಲ್ಲಿದೆ. ಡಿಟೆನ್ಶನ್ ತಗಾದೆಯ ಬಿಲ್ಲುಗಳು ಎಷ್ಟೋ ಸಲ ಅದಕ್ಕೂ ತಡವಾಗಿ ಬರುತ್ತವೆ. ಪ್ರತಿ ತಿಂಗಳ ಕೊನೆಗೆ ಸಿಎಸ್‌ವಿ ಕಡತ ಇಳಿಸಿಟ್ಟುಕೊಳ್ಳಿ, ಇಳಿಸುವಾಗ ‘ಘಟನೆಯ ಸಮಯ’ ಮತ್ತು ‘ಸುದ್ದಿ ಬಂದ ಸಮಯ’ ಎರಡೂ ಕಾಲಂಗಳಿಗೆ ಟಿಕ್ ಹಾಕಿ. ಎರಡನೆಯದು ತಾನಾಗಿ ಆಯ್ಕೆಯಾಗಿರುವುದಿಲ್ಲ.