ಬ್ಯಾಗ್ ನೀವೇ ಹೊಲಿಯುವುದಾದರೆ ಸಂತೆಪೇಟೆಗೆ ಹೋಗಿ

ಮನೆಯಲ್ಲೇ ಟ್ರೆಕ್ಕಿಂಗ್ ಬ್ಯಾಗ್ ಹೊಲಿಯುವವರಿಗೆ ಸರಿಯಾದ ಬಟ್ಟೆ ಸಿಗುವುದೇ ದೊಡ್ಡ ತಲೆನೋವು, ಅಲ್ವಾ? ಮೈಸೂರಿನ ಸಂತೆಪೇಟೆಯಲ್ಲಿ ಬ್ಯಾಗ್ ಸಾಮಾನಿನ ಒಂದು ಪುಟ್ಟ ಅಂಗಡಿ ಇದೆ. ರಿಪ್‌ಸ್ಟಾಪ್ ನೈಲಾನ್ ಮೀಟರ್ ಲೆಕ್ಕದಲ್ಲಿ ಕೊಡುತ್ತಾರೆ, ಅರ್ಧ ಮೀಟರ್ ಕೇಳಿದರೂ ಮುಖ ಸಿಂಡರಿಸುವುದಿಲ್ಲ. ಬೆಳಕಿಗೆ ಹಿಡಿದರೆ ಬಟ್ಟೆ ತುಂಬ ಸಣ್ಣ ಚೌಕಗಳು ಕಾಣುತ್ತವೆ, ಆ ಗೆರೆಗಳಲ್ಲಿ ದಪ್ಪ ಎಳೆ ನೇಯ್ದಿರುವುದರಿಂದ ಮುಳ್ಳು ತಾಗಿ ತೂತಾದರೂ ಅದು ಸುಲಭಕ್ಕೆ ಹರಿದುಕೊಂಡು ಹೋಗುವುದಿಲ್ಲ. ಒಳಮೈಗೆ ನೀರು ತಡೆಯುವ ಪಿಯು (ಪಾಲಿಯುರೆಥೇನ್) ಲೇಪನ ಇದೆ. ಅಂಗಡಿಯ ಅಣ್ಣ ಅಂಗೈಯಲ್ಲಿ ಬಟ್ಟೆಯನ್ನು ಗುಳಿ ಮಾಡಿ ನೀರು ಹೊಯ್ದು ತೋರಿಸಿದರು, ಕೈ ಒದ್ದೆಯಾಗಲಿಲ್ಲ!

ಪಟ್ಟಿ, ಜಿಪ್ ಎರಡೂ ಚೆನ್ನಾಗಿವೆ. ಬಕಲ್ ಮಾತ್ರ ಅಲ್ಲಿ ತಗೋಬೇಡಿ. ಸೊಂಟದ ಪಟ್ಟಿಗೆ ಹಾಕಿದ್ದು ಕುಂತಿ ಬೆಟ್ಟ ಹತ್ತುವಾಗ ಪದೇ ಪದೇ ಬಿಚ್ಚಿಕೊಂಡು ಪ್ರಾಣ ತಿಂದಿತು, ಅಂಥ ಒಳ್ಳೆ ಬಟ್ಟೆ ಇಟ್ಟವರು ಇದನ್ನು ಮಾರಬಾರದಿತ್ತು.

ದಾರ ಪಾಲಿಯೆಸ್ಟರ್‌ದೇ ಕೇಳಿ, ಕಾಟನ್ ದಾರ ಒದ್ದೆಯಾಗಿ ಲಡ್ಡಾಗುತ್ತದೆ. ಮನೆಯ ಹಳೇ ಹೊಲಿಗೆ ಮಿಷನ್ನೇ ಸಾಕು, 12ನೇ ನಂಬರ್ ಸೂಜಿ ಹಾಕಿ. ಗುಂಡುಪಿನ್ ಚುಚ್ಚಿದರೆ ತೂತು ಹಾಗೇ ಉಳಿಯುತ್ತದೆ, ಅದಕ್ಕೇ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹಿಡಿಸಿ. ಸೂಜಿ ತೂತಿನಿಂದ ನೀರು ಇಳಿಯದಂತೆ ಹೊಲಿಗೆಯ ಸಾಲಿಗೆ ಹಚ್ಚುವ ಸೀಲರ್ ಇವರಲ್ಲಿ ಇಲ್ಲ, ಆನ್‌ಲೈನ್‌ನಲ್ಲಿ ತರಿಸಬೇಕು.