ವೆಬ್‌ಸೈಟ್‌ಗೆ ಆಟೊಮ್ಯಾಟಿಕ್ ಲೋಡ್ ಟೆಸ್ಟ್ ಹಾಕಿಸುವ ಮುನ್ನ ಬಳ್ಳಾರಿಯ ಈ ಅಂಗಡಿಗೆ ಆದದ್ದನ್ನು ಓದಿ

"ದಿನಾ ತಾನೇ ಓಡಿ ಸೈಟಿನ ವೇಗ ಹೇಳುವ ಟೆಸ್ಟ್ ಹಾಕಿಕೊಡ್ತೀವಿ" ಅಂತ ಯಾರಾದರೂ ಬಂದರೆ, ದುಡ್ಡಿನ ಮಾತಿಗೆ ಮೊದಲು ಕೇಳಿ: ಅದು ಓಡುವುದು ಯಾವ ಸೈಟಿನ ಮೇಲೆ? ಗಿರಾಕಿ ಬರುವ ಸೈಟಿನ ಮೇಲೋ, ಅದರ ನಕಲಿನ ಮೇಲೋ?

ಬಳ್ಳಾರಿಯ ಒಂದು ಜೀನ್ಸ್ ಹೋಲ್‌ಸೇಲ್ ಅಂಗಡಿಯವರು ಇದನ್ನು ಕೇಳಲಿಲ್ಲ. ಗುಂತಕಲ್, ಆದೋನಿ, ರಾಯಚೂರಿನ ಚಿಲ್ಲರೆ ವ್ಯಾಪಾರಿಗಳು ಮೊಬೈಲ್‌ನಲ್ಲೇ ಸೈಜ್ ಸೆಟ್ ನೋಡಿ ಆರ್ಡರ್ ಹಾಕುವ ಸೈಟು ಅದು. ದೀಪಾವಳಿ ಸೀಸನ್‌ಗೆ ಮುಂಚೆ ಸೈಟ್ ಒಂದೇ ಹೊತ್ತಿಗೆ ಎಷ್ಟು ಜನರನ್ನು ತಾಳೀತು ನೋಡೋಣ (ಇದೇ ಲೋಡ್ ಟೆಸ್ಟ್) ಎಂದು, ಅದನ್ನು ಮಾಡುವ ಕೆ6 ಎಂಬ ಸಾಧನಕ್ಕೆ ಸ್ಕ್ರಿಪ್ಟ್ ಬರೆಸಿದರು. 50 ವರ್ಚುವಲ್ ಯೂಸರ್ (ಗಿರಾಕಿಯಂತೆ ನಟಿಸುವ ಪ್ರೋಗ್ರಾಂ), 10 ನಿಮಿಷ, ಮೊದಲ ಹೆಜ್ಜೆಯೇ ಲಾಗಿನ್: ಮೊಬೈಲ್ ನಂಬರ್ ಕೊಟ್ಟು ಓಟಿಪಿ ಕೇಳುವುದು.

ಸ್ಕ್ರಿಪ್ಟಿನಲ್ಲಿ ಸ್ಲೀಪ್, ಅಂದರೆ ಹೆಜ್ಜೆಗಳ ನಡುವಿನ ವಿರಾಮ, ಇರಲಿಲ್ಲ. ಸ್ಲೀಪ್ ಇಲ್ಲದ ವರ್ಚುವಲ್ ಯೂಸರ್ ಮನುಷ್ಯನ ಹಾಗೆ ಪುಟ ಓದುತ್ತ ಕೂರುವುದಿಲ್ಲ. ಉತ್ತರ ಬಂದ ತಕ್ಷಣ ಮುಂದಿನ ರಿಕ್ವೆಸ್ಟ್ ಹೊಡೆಯುತ್ತದೆ. ಸರ್ವರ್ 200 ಮಿಲಿಸೆಕೆಂಡಿನಲ್ಲಿ ಉತ್ತರಿಸಿದರೆ ಒಬ್ಬನಿಂದ ಸೆಕೆಂಡಿಗೆ 5, ಐವತ್ತು ಜನರಿಂದ 250. ಹತ್ತು ನಿಮಿಷಕ್ಕೆ ಒಂದೂವರೆ ಲಕ್ಷ. ಅವೆಲ್ಲ ಓಟಿಪಿ ಕೇಳುವ ರಿಕ್ವೆಸ್ಟ್‌ಗಳೇ ಆದರೆ, ಪ್ರತಿ ಎಸ್ಸೆಮ್ಮೆಸ್‌ಗೆ 20 ಪೈಸೆ ಹಿಡಿದರೂ ಒಂದು ಸಲದ ಟೆಸ್ಟಿಗೆ 30 ಸಾವಿರ ರೂಪಾಯಿ. ಇಲ್ಲಿ ಅಷ್ಟು ದೂರ ಹೋಗುವ ಮೊದಲೇ ಎಸ್ಸೆಮ್ಮೆಸ್ ಬ್ಯಾಲೆನ್ಸ್ ಖಾಲಿಯಾಯಿತು, ನಿಜವಾದ ಗಿರಾಕಿಗಳಿಗೆ ಓಟಿಪಿ ಬರುವುದು ನಿಂತಿತು. ಇನ್ನೊಂದು ಅನಾಹುತ: ನಂಬರ್‌ಗಳನ್ನು ಸ್ಕ್ರಿಪ್ಟೇ ಮನಸೋಇಚ್ಛೆ ಹುಟ್ಟಿಸುತ್ತಿತ್ತು. 9ರಿಂದ ಶುರುವಾಗುವ ಹತ್ತಂಕಿಯ ನಂಬರ್ ಯಾರದೋ ಒಬ್ಬರದು ಆಗಿರಬಹುದು. ಸಂಬಂಧವೇ ಇಲ್ಲದವರಿಗೆ ಓಟಿಪಿ ಹೋದವು.

ಟೆಸ್ಟ್ ಬೆಳಗಿನ ಜಾವ 5ಕ್ಕೆ ಓಡಲಿ ಎಂದು ಕ್ರಾನ್‌ನಲ್ಲಿ (ಕೆಲಸ ಓಡುವ ಹೊತ್ತು ಬರೆಯುವ ಸಾಲು; ಮೊದಲು ನಿಮಿಷ, ಆಮೇಲೆ ಗಂಟೆ) 0 5 * * * ಎಂದು ಬರೆದಿದ್ದರು. ಟೆಸ್ಟ್ ಓಡಿಸುತ್ತಿದ್ದ ಗಿಟ್‌ಹಬ್ ಆಕ್ಷನ್ಸ್ ಸೇವೆಯಲ್ಲಿ ಟೈಮ್‌ಝೋನ್ ಬೇರೆ ಹೇಳದಿದ್ದರೆ ಅದು ಯುಟಿಸಿ, ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ ಹತ್ತೂವರೆ, ಅಂಗಡಿ ಶಟರ್ ಎತ್ತಿ ವ್ಯಾಪಾರ ಶುರುವಾಗುವ ಹೊತ್ತು. ಬೇಕಿದ್ದದ್ದು 30 23 * * *.

ಇಷ್ಟೆಲ್ಲ ಆದರೂ ರಿಪೋರ್ಟ್ ಹಸಿರು! ಯಾಕೆಂದರೆ ಒದ್ದಾಡುವ ಸರ್ವರ್ 503 ಎರರ್ (ಸೇವೆ ಸದ್ಯ ಲಭ್ಯವಿಲ್ಲ) ಪುಟವನ್ನು ಹಲವು ಸಲ ಬಲು ಬೇಗ ಕಳಿಸುತ್ತದೆ. 95ನೇ ಪರ್ಸೆಂಟೈಲ್ (100ರಲ್ಲಿ 95 ರಿಕ್ವೆಸ್ಟ್‌ಗಳಿಗೆ ಉತ್ತರ ಬಂದುಬಿಡುವ ಸಮಯ) 500 ಮಿಲಿಸೆಕೆಂಡಿಗಿಂತ ಕಡಿಮೆ ಎಂಬ ಒಂದೇ ಷರತ್ತು ಇಟ್ಟರೆ ಎರರ್‌ಗಳೂ ಪಾಸ್. ಸ್ಕ್ರಿಪ್ಟಿನಲ್ಲಿ ಚೆಕ್ (ಉತ್ತರ ಸರಿಯಿದೆಯೇ ಎಂಬ ಪರೀಕ್ಷೆ) ಇತ್ತಲ್ಲ ಎನ್ನಬಹುದು. ಕೆ6ನಲ್ಲಿ ಚೆಕ್ ಸೋತರೆ ಬರೀ ಎಣಿಕೆಗೆ ಸೇರುತ್ತದೆ, ಟೆಸ್ಟ್ ಫೇಲ್ ಆಗುವುದಿಲ್ಲ. ಫೇಲ್ ಮಾಡಿಸಲು ಥ್ರೆಶೋಲ್ಡ್, ಅಂದರೆ ಮೀರಬಾರದ ಮಿತಿ, ಬರೆಯಬೇಕು. ಸೋತ ರಿಕ್ವೆಸ್ಟ್‌ಗಳು ಶೇ. 1ಕ್ಕಿಂತ ಕಡಿಮೆ, ಗೆದ್ದ ಚೆಕ್‌ಗಳು ಶೇ. 99ಕ್ಕಿಂತ ಹೆಚ್ಚು ಎಂದು ಥ್ರೆಶೋಲ್ಡ್ ಬರೆಸಿ. ಮೀರಿದೊಡನೆ ಟೆಸ್ಟ್ ಅಲ್ಲೇ ನಿಲ್ಲುವಂತೆ ಅಬಾರ್ಟ್ ಆನ್ ಫೇಲ್ ಕೂಡ ಹಾಕಿಸಿ.

ಸರಿಯಾದ ದಾರಿ ಹೀಗೆ. ಅದೇ ಅಳತೆಯ ಸರ್ವರ್‌ನಲ್ಲಿ ಪಾಸ್‌ವರ್ಡ್ ಹಾಕಿದ ಸ್ಟೇಜಿಂಗ್ ನಕಲು ಇರಲಿ. ಅಲ್ಲಿ ಎಸ್ಸೆಮ್ಮೆಸ್ ಹೊರಗೇ ಹೋಗಬಾರದು, ಒಂದೇ ನಿಗದಿತ ಓಟಿಪಿ ಒಪ್ಪಿಕೊಂಡರೆ ಸಾಕು. ಪೇಮೆಂಟ್ ಗೇಟ್‌ವೇ ಟೆಸ್ಟ್ ಮೋಡ್‌ನಲ್ಲಿರಲಿ. ಪ್ರತಿ ಹೆಜ್ಜೆಯ ನಡುವೆ 3ರಿಂದ 10 ಸೆಕೆಂಡ್ ಸ್ಲೀಪ್. ಎಷ್ಟು ಯೂಸರ್ ಬೇಕೆಂಬುದನ್ನು ಅಂದಾಜಿಗೆ ಬಿಡದೆ ಸರ್ವರ್ ಲಾಗ್ (ಭೇಟಿಗಳ ದಾಖಲೆ) ನೋಡಿ ಲೆಕ್ಕ ಹಾಕಿ: ಗಂಟೆಗೆ 300 ಜನ ಬಂದು ತಲಾ 4 ನಿಮಿಷ ಇದ್ದರೆ ಒಂದೇ ಹೊತ್ತಿಗೆ ಇರುವವರು ಸರಾಸರಿ 20. ಸೀಸನ್‌ಗೆ ಅದರ ಎರಡು-ಮೂರು ಪಟ್ಟು ನೋಡಿ. ಎರಡು ನಿಮಿಷದಲ್ಲಿ ಮೆಲ್ಲಗೆ ಏರಿಸಿ, ಐದು ನಿಮಿಷ ಹಿಡಿದು, ಇಳಿಸಿ. ಹೋಸ್ಟಿಂಗ್‌ನವರ ಅನುಮತಿ ಮೊದಲೇ ಪಡೆಯಿರಿ. ಶೇರ್ಡ್ ಹೋಸ್ಟಿಂಗ್ (ಒಂದೇ ಸರ್ವರ್‌ನಲ್ಲಿ ಹಲವರ ಸೈಟು) ಆದರೆ ಲೋಡ್ ಟೆಸ್ಟ್ ಬೇಡವೇ ಬೇಡ, ಪಕ್ಕದವರ ಸೈಟೂ ಮಲಗುತ್ತದೆ.

ದಿನಾ ಬೇಕಾದದ್ದು ಲೋಡ್ ಟೆಸ್ಟ್ ಅಲ್ಲವೇ ಅಲ್ಲ, ಪುಟದ ವೇಗದ ಟೆಸ್ಟ್. ಅದಕ್ಕೆ ಪುಟದ ವೇಗಕ್ಕೆ ಅಂಕ ಕೊಡುವ ಲೈಟ್‌ಹೌಸ್ ಸಿಐ ಎಂಬ ಸಾಧನ ಸಾಕು. ಹೋಮ್ ಪೇಜ್ ಒಂದನ್ನೇ ಅಳೆದು ಸುಮ್ಮನಾಗಬೇಡಿ, ಫೋಟೊ ತುಂಬಿದ ಕ್ಯಾಟಲಾಗ್ ಪುಟವನ್ನೂ ಸೇರಿಸಿ. ಅಂಕ ಓಟದಿಂದ ಓಟಕ್ಕೆ ಹೊಯ್ದಾಡುತ್ತದೆ. 5 ಸಲ ಓಡಿಸಿ ಮೀಡಿಯನ್ (ನಡುವಿನ ಅಂಕ) ತೆಗೆಯಿರಿ. ಸೆಟ್ಟಿಂಗ್‌ನಲ್ಲಿ ಆಪ್ಟಿಮಿಸ್ಟಿಕ್ ಎಂದಿದ್ದರೆ ಐದರಲ್ಲಿ ಚೆನ್ನಾಗಿ ಬಂದ ಒಂದನ್ನೇ ಹಿಡಿದು ಪಾಸ್ ಮಾಡುತ್ತದೆ. ಎಲ್‌ಸಿಪಿ (ಪುಟದ ದೊಡ್ಡ ಭಾಗ ಕಾಣಲು ಹಿಡಿಯುವ ಸಮಯ) 2.5 ಸೆಕೆಂಡ್, ಸಿಎಲ್‌ಎಸ್ (ಪುಟ ಅತ್ತಿತ್ತ ಜಿಗಿಯುವ ಅಳತೆ) 0.1 ಮಿತಿ, ದಾಟಿದರೆ ವಾರ್ನ್ ಅಲ್ಲ, ಎರರ್ ಬರಲಿ. ರಿಪೋರ್ಟನ್ನು ಲೈಟ್‌ಹೌಸ್‌ನ ಟೆಂಪರರಿ ಪಬ್ಲಿಕ್ ಸ್ಟೋರೇಜ್‌ಗೆ ಹಾಕಿದರೆ ಲಿಂಕ್ ಸಿಕ್ಕ ಯಾರು ಬೇಕಾದರೂ ನೋಡಬಹುದು, ಹೋಲ್‌ಸೇಲ್ ರೇಟಿನ ಸ್ಕ್ರೀನ್‌ಶಾಟ್ ಸಮೇತ.

ಬಳ್ಳಾರಿಯ ಪ್ರಕರಣದಲ್ಲಿ ಮರುದಿನವೂ ಹತ್ತೂವರೆಗೆ ಟೆಸ್ಟ್ ಮತ್ತೆ ಓಡಿತು. ಸ್ಕ್ರಿಪ್ಟ್ ಇಟ್ಟ ರೆಪಾಸಿಟರಿ (ಗಿಟ್‌ಹಬ್‌ನ ಫೋಲ್ಡರ್) ಇದ್ದದ್ದು ಟೆಸ್ಟ್ ಹಾಕಿಕೊಟ್ಟವರ ಅಕೌಂಟಿನಲ್ಲಿ. ಅವರು ಫೋನ್ ಎತ್ತಲಿಲ್ಲ. ರೆಪಾಸಿಟರಿ ನಿಮ್ಮ ಹೆಸರಿನಲ್ಲೇ ಇರಲಿ. ಹಾಗಿಲ್ಲದೆ ಸಿಕ್ಕಿಬಿದ್ದಿದ್ದರೆ ಸರ್ವರ್‌ನ ಆಕ್ಸೆಸ್ ಲಾಗ್ ತೆರೆಯಿರಿ: ಹೆಸರು ಬದಲಿಸದಿದ್ದರೆ ಯೂಸರ್ ಏಜೆಂಟ್‌ನಲ್ಲಿ (ರಿಕ್ವೆಸ್ಟ್ ಕಳಿಸಿದ ಪ್ರೋಗ್ರಾಂನ ಹೆಸರು) ಕೆ6 ಎಂದೇ ಕಾಣುತ್ತದೆ. ಆ ಹೆಸರಿನಿಂದ ಬರುವ ರಿಕ್ವೆಸ್ಟ್‌ಗಳನ್ನು ಸರ್ವರ್‌ನಲ್ಲೇ 403 (ಪ್ರವೇಶವಿಲ್ಲ) ಕೊಟ್ಟು ತಡೆಯಿರಿ, ಆಮೇಲೆ ಎಸ್ಸೆಮ್ಮೆಸ್ ರೀಚಾರ್ಜ್ ಮಾಡಿ.