ಗೇಮ್ ಆಡೋರಿಗೆ 5.1 ಸೌಂಡ್‌ಬಾರ್: ಎಂಟು ತಿಂಗಳು ಬಳಸಿದ ಮೇಲೆ

ಎಂಟು ತಿಂಗಳ ಹಿಂದೆ ಟಿವಿ ಕೆಳಗೆ ಒಂದು 5.1 ಸೌಂಡ್‌ಬಾರ್ ಸೆಟ್ ತಂದಿಟ್ಟೆ. 5.1 ಅಂದರೆ ಐದು ದಿಕ್ಕಿನ ಸದ್ದು, ಜೊತೆಗೆ ದಪ್ಪ ಸದ್ದಿಗೆ ಒಂದು, ಒಟ್ಟು ಆರು ಚಾನೆಲ್. ಮುಂದೆ ಉದ್ದನೆಯ ಬಾರ್, ಮೂಲೆಯಲ್ಲಿ ದಪ್ಪ ಸದ್ದಿನ ಸಬ್‌ವೂಫರ್, ಸೋಫಾದ ಹಿಂದೆ ಎರಡು ವೈರ್‌ಲೆಸ್ ಸ್ಪೀಕರ್. ಸಿನಿಮಾಕ್ಕಲ್ಲ, ಹಾಡಿಗಲ್ಲ, ಗೇಮ್ ಆಡೋದಕ್ಕೆ ಅಂತಲೇ ತಗೊಂಡಿದ್ದು. ಪಿಎಸ್ 5 ಮತ್ತು ನಿಂಟೆಂಡೋ ಸ್ವಿಚ್ ಎರಡೂ ಇದೇ ಟಿವಿಗೆ. ಈಗ ಯಾರಾದರೂ ಕೇಳಿದರೆ ಖಂಡಿತ ತಗೊಳ್ಳಿ ಅನ್ನುತ್ತೇನೆ. ಆದರೆ ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಬರೆದಿರುವ ವ್ಯಾಟ್ ನೋಡಿ ತಗೋಬೇಡಿ. ಬಾರ್‌ನ ಹಿಂಭಾಗ ತಿರುಗಿಸಿ, ಎಚ್‌ಡಿಎಂಐ ಇನ್‌ಪುಟ್ (ಗೇಮ್ ಯಂತ್ರದ ವೈರ್ ನೇರ ಹಾಕುವ ಕಿಂಡಿ) ಇದೆಯಾ ಅಂತ ನೋಡಿ. ಅದಿಲ್ಲದಿದ್ದರೆ ನನ್ನ ಅರ್ಧ ಗೇಮ್‌ಗಳಿಗೆ ಹಿಂದಿನ ಸ್ಪೀಕರ್ ಇದ್ದೂ ಇಲ್ಲದ ಹಾಗೆ ಆಗುತ್ತಿತ್ತು.

ಅದು ಗೊತ್ತಾಗಿದ್ದು ಮೂರು ವಾರ ಆದ ಮೇಲೆ. ಅಲ್ಲಿಯವರೆಗೆ ಹಿಂದಿನ ಸ್ಪೀಕರ್‌ಗಳಿಂದ ಸದ್ದು ಬರುತ್ತಿತ್ತು, ನಾನೂ ಖುಷಿಯಾಗಿದ್ದೆ. ಒಂದು ಸಂಜೆ ತಮ್ಮ ಸ್ವಿಚ್‌ನಲ್ಲಿ ಆಡುತ್ತಿದ್ದ. ಸುಮ್ನೆ ಒಂದು ಪರೀಕ್ಷೆ ಮಾಡೋಣ ಅಂತ ನಾನು ಸೋಫಾ ಮೇಲೆ ಕಣ್ಣು ಮುಚ್ಚಿ ಕೂತೆ. ಅವನು ಗೇಮ್‌ನ ಜಲಪಾತದ ಹತ್ತಿರ ನಿಂತು ಕ್ಯಾಮೆರಾವನ್ನು ನಿಧಾನವಾಗಿ ಒಂದು ಸುತ್ತು ತಿರುಗಿಸಬೇಕು, ನೀರಿನ ಸದ್ದು ಎಲ್ಲಿಂದ ಬರುತ್ತಿದೆಯೋ ಆ ಕಡೆಗೆ ನಾನು ಕೈ ತೋರಿಸಬೇಕು. ಎಡಕ್ಕೆ ಹೋದಾಗ ಎಡ, ಬಲಕ್ಕೆ ಬಂದಾಗ ಬಲ, ಎಲ್ಲ ಸರಿ. ಜಲಪಾತ ಬೆನ್ನ ಹಿಂದೆ ಬಂದಾಗಲೂ ನನ್ನ ಕೈ ಟಿವಿ ಕಡೆಗೇ ಇತ್ತು. "ಅಣ್ಣಾ, ಹಿಂದೆ ಇದೆ ಕಣೋ, ಪೂರ್ತಿ ಹಿಂದೆ" ಅಂದ. ಮತ್ತೆ ಮಾಡಿಸಿದೆ. ಮತ್ತೆ ಅದೇ. ಸದ್ದು ಹಿಂದಕ್ಕೆ ಹೋಗುತ್ತಲೇ ಇರಲಿಲ್ಲ, ಎಲ್ಲ ಕಡೆಯಿಂದ ಒಂದೇ ಹದದಲ್ಲಿ ಬರುತ್ತಿತ್ತು.

ಕಾರಣ ಇಷ್ಟೇ. ಸ್ವಿಚ್ ತನ್ನ 5.1 ಸದ್ದನ್ನು ಪಿಸಿಎಂ, ಅಂದರೆ ಕುಗ್ಗಿಸದ ರೂಪದಲ್ಲಿ ಮಾತ್ರ ಕಳಿಸುತ್ತದೆ, ಡಾಲ್ಬಿ, ಅಂದರೆ ಕುಗ್ಗಿಸಿದ ರೂಪದಲ್ಲಿ ಕಳಿಸುವುದೇ ಇಲ್ಲ. ನನ್ನ ಟಿವಿಯಿಂದ ಬಾರ್‌ಗೆ ಸದ್ದು ಹೋಗುವ ದಾರಿ ಎಆರ್‌ಸಿ, ಅಂದರೆ ಟಿವಿಯ ಸದ್ದನ್ನು ಎಚ್‌ಡಿಎಂಐ ವೈರ್‌ನಲ್ಲೇ ಬಾರ್‌ಗೆ ಕಳಿಸುವ ವ್ಯವಸ್ಥೆ. ಇದು 2009ರಲ್ಲಿ ಎಚ್‌ಡಿಎಂಐ 1.4 ಜೊತೆ ಬಂದದ್ದು. ಈ ದಾರಿಯಲ್ಲಿ ಪಿಸಿಎಂ ಆದರೆ ಎರಡೇ ಚಾನೆಲ್ ಹೋಗಬಹುದು, ಅದಕ್ಕಿಂತ ಜಾಸ್ತಿ ಬೇಕು ಅಂದರೆ ಡಾಲ್ಬಿ ಅಥವಾ ಡಿಟಿಎಸ್ ಆಗಿ ಕುಗ್ಗಿಸಿ ಕಳಿಸಬೇಕು. ಹಾಗಾಗಿ ಸ್ವಿಚ್‌ನ ಆರು ಚಾನೆಲ್ ಬಾರ್‌ಗೆ ಬರುವಷ್ಟರಲ್ಲಿ ಎರಡಾಗಿರುತ್ತಿತ್ತು. ಬಾರ್‌ನಲ್ಲಿದ್ದ 'ಸರೌಂಡ್' ಮೋಡ್ ಆ ಎರಡನ್ನೇ ಹರಡಿ ಹಿಂದಿನ ಸ್ಪೀಕರ್‌ಗೂ ಹಂಚುತ್ತಿತ್ತು. ಸದ್ದು ಬರುತ್ತಿದೆ ಅಂದ ಮಾತ್ರಕ್ಕೆ ಅದು ಸರಿಯಾದ ಜಾಗದಿಂದ ಬರುತ್ತಿದೆ ಅಂತ ಅರ್ಥ ಅಲ್ಲ ಅಲ್ವಾ? ಆದ್ದರಿಂದ ಹೊಸ ಸೆಟ್ ತಂದವರು ಮೊದಲು ಆ ಮೋಡ್ ಆಫ್ ಮಾಡಿ. ಆಮೇಲೆ ಕಣ್ಣು ಮುಚ್ಚಿ ಈ ಪರೀಕ್ಷೆ ಮಾಡಿ ನೋಡಿ.

ಪರಿಹಾರ ಸುಲಭವಾಗಿತ್ತು, ಯಾಕಂದರೆ ಅದೃಷ್ಟಕ್ಕೆ ಈ ಬಾರ್‌ಗೆ ಒಂದು ಎಚ್‌ಡಿಎಂಐ ಇನ್‌ಪುಟ್ ಇತ್ತು. ಸ್ವಿಚ್‌ನ ವೈರನ್ನು ಟಿವಿಯಿಂದ ಕಿತ್ತು ನೇರ ಬಾರ್‌ಗೆ ಹಾಕಿದೆ, ಚಿತ್ರ ಬಾರ್ ಮೂಲಕ ಟಿವಿಗೆ ಹೋಗುತ್ತದೆ. ಸ್ವಿಚ್‌ನ ಸೆಟ್ಟಿಂಗ್ಸ್‌ನಲ್ಲಿ ಟಿವಿ ಸೌಂಡ್ ಅನ್ನು ಸರೌಂಡ್ ಅಂತ ಬದಲಿಸಿದೆ. ಅದೇ ಜಲಪಾತ, ಅದೇ ಸೋಫಾ. ಈ ಸಲ ನೀರು ಬಲಗಿವಿಯ ಪಕ್ಕದಿಂದ ಜಾರಿ ಕತ್ತಿನ ಹಿಂದೆ ಹೋಗಿ ಎಡಗಿವಿಯ ಹತ್ತಿರ ಬಂತು. ನಾನು ಕೈ ತೋರಿಸುತ್ತಾ ತೋರಿಸುತ್ತಾ ಪೂರ್ತಿ ಹಿಂದಕ್ಕೆ ತಿರುಗಿಬಿಟ್ಟಿದ್ದೆ. ಈ ಸೆಟ್ ಬಗ್ಗೆ ಪ್ರೀತಿ ಶುರುವಾಗಿದ್ದೇ ಅವತ್ತು.

ಪಿಎಸ್ 5 ಅನ್ನು ಮಾತ್ರ ಟಿವಿಯಲ್ಲೇ ಬಿಟ್ಟೆ. ಈ ಬಾರ್ ಮೂಲಕ ಹೋದರೆ 4ಕೆ ಚಿತ್ರ 60 ಹರ್ಟ್ಸ್‌ಗೇ (ಸೆಕೆಂಡಿಗೆ 60 ಫ್ರೇಮ್) ನಿಲ್ಲುತ್ತದೆ, 120 ಹರ್ಟ್ಸ್ ಸಿಗುವುದಿಲ್ಲ. ಸ್ವಿಚ್ ಹೇಗೂ ಟಿವಿಗೆ ಕೊಡುವುದು ಜಾಸ್ತಿ ಅಂದರೆ 1080ಪಿ, 60 ಫ್ರೇಮ್. ಅದಕ್ಕೆ ಬಾರ್ ಮೂಲಕ ಹೋಗಿ ಏನೂ ನಷ್ಟ ಇಲ್ಲ. ಪಿಎಸ್ 5ನಲ್ಲಿ ಡಾಲ್ಬಿ ಆರಿಸಿ, ಟಿವಿಯ ಆಡಿಯೋ ಸೆಟ್ಟಿಂಗ್‌ನಲ್ಲಿ ಪಾಸ್‌ಥ್ರೂ (ಬಂದ ಸದ್ದನ್ನು ಹಾಗೇ ಮುಂದೆ ಬಿಡುವುದು) ಹಾಕಿದರೆ ಎಆರ್‌ಸಿ ದಾರಿಯಲ್ಲೇ 5.1 ಬರುತ್ತದೆ.

ಆದರೆ ಡಾಲ್ಬಿಗೆ ಒಂದು ಬೆಲೆ ಇದೆ, ತಡ. ಡಾಲ್ಬಿ ಡಿಜಿಟಲ್ ಸದ್ದನ್ನು 1536 ಸ್ಯಾಂಪಲ್‌ಗಳ (ಸದ್ದಿನ ಚಿಕ್ಕ ಚಿಕ್ಕ ಅಳತೆಗಳ) ಕಟ್ಟುಗಳಾಗಿ ಕಟ್ಟುತ್ತದೆ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಒಂದು ಕಟ್ಟು ತುಂಬುವುದಕ್ಕೇ 32 ಮಿಲಿಸೆಕೆಂಡ್ ಬೇಕು. 60 ಫ್ರೇಮ್‌ನ ಗೇಮ್‌ನಲ್ಲಿ ಅದು ಸುಮಾರು ಎರಡು ಫ್ರೇಮ್. ಅದನ್ನು ಬಿಚ್ಚುವುದು, ಟಿವಿ ದಾಟಿ ಬರುವುದು ಇದರ ಮೇಲೆ. ಸಿನಿಮಾದಲ್ಲಿ ಚಿತ್ರವನ್ನೂ ಅಷ್ಟೇ ತಡ ಮಾಡಿ ಸರಿಹೊಂದಿಸಬಹುದು, ಗೇಮ್‌ನಲ್ಲಿ ಹಾಗೆ ಮಾಡುವಂತಿಲ್ಲ, ಬಟನ್ ಒತ್ತಿದ್ದು ನೀವು. ಕಥೆ ಇರುವ ಗೇಮ್, ಓಡಾಡುವ ಗೇಮ್‌ಗಳಲ್ಲಿ ನನಗೆ ಇದು ಗೊತ್ತೇ ಆಗಲಿಲ್ಲ. ತಾಳಕ್ಕೆ ಸರಿಯಾಗಿ ಬಟನ್ ಒತ್ತುವ ಗೇಮ್‌ಗಳಲ್ಲಿ ಮಾತ್ರ ಬೆರಳು ಮತ್ತು ಸದ್ದು ಬೇರೆ ಬೇರೆ ಆದ ಹಾಗೆ ಅನಿಸಿತು. ಅಂಥ ಗೇಮ್ ಹಾಕಿದಾಗ ಪಿಎಸ್ 5 ಅನ್ನು ಪಿಸಿಎಂಗೆ ಬದಲಿಸುತ್ತೇನೆ. ಎರಡೇ ಚಾನೆಲ್ ಸಿಗುತ್ತದೆ, ಆದರೆ ಏಟು ಬಿದ್ದ ಕೂಡಲೇ ಸದ್ದು ಕೇಳುತ್ತದೆ. ಬ್ಲೂಟೂತ್‌ನಲ್ಲಿ ಗೇಮ್ ಆಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ, ಅಲ್ಲಿ ತಡ ಇದಕ್ಕಿಂತ ತುಂಬಾ ಜಾಸ್ತಿ.

ಸ್ಪೀಕರ್ ಇಡುವ ಜಾಗಕ್ಕೆ ಒಂದು ಪೂರ್ತಿ ಭಾನುವಾರ ಕೊಟ್ಟೆ, ಅದು ಸಾರ್ಥಕವಾಯಿತು. ಹಿಂದಿನ ಸ್ಪೀಕರ್ ಅಂದರೆ ಬೆನ್ನ ಹಿಂದಿನ ಗೋಡೆಗೆ ಹಾಕುವುದು ಅಂದುಕೊಂಡಿದ್ದೆ. 5.1ಕ್ಕೆ ಇರುವ ಅಂತಾರಾಷ್ಟ್ರೀಯ ಶಿಫಾರಸು ಬೇರೆ ಹೇಳುತ್ತದೆ: ನೇರ ಮುಂದೆ ಸೊನ್ನೆ ಅಂತಿಟ್ಟುಕೊಂಡರೆ, ಎರಡೂ ಪಕ್ಕ 100ರಿಂದ 120 ಡಿಗ್ರಿ ಒಳಗೆ. ಅಂದರೆ ಕಿವಿಗಿಂತ ಸ್ವಲ್ಪವೇ ಹಿಂದೆ. ಸೋಫಾವನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದು, ಎರಡೂ ಸ್ಪೀಕರನ್ನು ಪಕ್ಕಕ್ಕೆ ತಂದೆ. ಹೆಜ್ಜೆ ಸದ್ದು ಪಕ್ಕದಿಂದ ಹಿಂದಕ್ಕೆ ಹೋಗುವಾಗ ನಡುವೆ ಕಾಣೆಯಾಗುತ್ತಿದ್ದದ್ದು ನಿಂತಿತು.

ಸಬ್‌ವೂಫರ್ ಇನ್ನೂ ಸತಾಯಿಸಿತು. ಮೂಲೆಯಲ್ಲಿಟ್ಟರೆ ಪ್ರತಿ ಸ್ಫೋಟಕ್ಕೂ ರೂಮೆಲ್ಲ ಗುಂಯ್ ಅನ್ನುತ್ತಿತ್ತು, ಆ ಗುಂಯ್ ಒಳಗೆ ಹೆಜ್ಜೆ ಸದ್ದು, ಬಂದೂಕು ಲೋಡ್ ಮಾಡುವ ಸದ್ದು ಎಲ್ಲ ಮುಚ್ಚಿಹೋಗುತ್ತಿತ್ತು. ಇದಕ್ಕೆ ಆಡಿಯೋ ಹುಚ್ಚಿನವರೆಲ್ಲ ಮಾಡುವ ಒಂದು ಹಳೆಯ ಉಪಾಯ ಇದೆ. ಸಬ್‌ವೂಫರನ್ನು ಎತ್ತಿ ನೀವು ಕೂರುವ ಜಾಗದಲ್ಲೇ ಇಡಬೇಕು, ಒಂದೇ ದಪ್ಪ ಸದ್ದನ್ನು ಬಿಡದೆ ಹಾಕಬೇಕು, ನೀವು ಗೋಡೆ ಪಕ್ಕ ಮಂಡಿಯೂರಿಕೊಂಡು ಹೋಗುತ್ತಾ ಎಲ್ಲಿ ಬೇಸ್ ಬಿಗಿಯಾಗಿ, ಸಮನಾಗಿ ಕೇಳುತ್ತದೆ ಅಂತ ಹುಡುಕಬೇಕು. ತಮ್ಮ ರೇಸಿಂಗ್ ಗೇಮ್‌ನಲ್ಲಿ ಕಾರು ನಿಲ್ಲಿಸಿ ಇಂಜಿನ್ ಗುರುಗುಟ್ಟಿಸುತ್ತಿದ್ದ, ನಾನು ನೆಲದ ಮೇಲೆ. ಟಿವಿ ಸ್ಟ್ಯಾಂಡ್‌ನ ಬಲಕ್ಕೆ, ಗೋಡೆಯಿಂದ ಎರಡು ಗೇಣು ದೂರದಲ್ಲಿ ಸದ್ದು ಶುದ್ಧವಾಯಿತು. ಸಬ್‌ವೂಫರ್ ಈಗಲೂ ಅಲ್ಲೇ ಇದೆ, ಅದರ ಲೆವೆಲ್ಲನ್ನೂ ಎರಡು ಮೆಟ್ಟಿಲು ಇಳಿಸಿದ್ದೇನೆ. ಬೇಸ್ ಕಡಿಮೆ ಆದಷ್ಟೂ ಗೇಮ್ ಚೆನ್ನಾಗಿ ಕೇಳುತ್ತದೆ ಅಂತ ನಾನು ಮೊದಲು ನಂಬುತ್ತಿರಲಿಲ್ಲ.

ಇನ್ನು ದೂರುಗಳು. ದೊಡ್ಡದು ಡಿಸ್‌ಪ್ಲೇ. ಬರುತ್ತಿರುವುದು ಡಾಲ್ಬಿಯೋ, ಪಿಸಿಎಂ ಎರಡು ಚಾನೆಲ್ಲೋ, ಆರೋ, ಏನೂ ತೋರಿಸುವುದಿಲ್ಲ, 'ಎಚ್‌ಡಿಎಂಐ' ಅಂತ ಮಾತ್ರ ಹೊಳೆಯುತ್ತದೆ. ಅದೊಂದು ತೋರಿಸಿದ್ದರೆ ನನ್ನ ಮೂರು ವಾರ ಉಳಿಯುತ್ತಿತ್ತು, ಇದು ನಿಜಕ್ಕೂ ಬೇಸರದ ವಿಷಯ. ಎರಡನೆಯದು, ಅಲುಗಾಡದ ಪಝಲ್ ಗೇಮ್‌ನಲ್ಲಿ ಯೋಚಿಸುತ್ತಾ ಕೂತರೆ, ಸದ್ದಿಲ್ಲ ಅಂತ ಬಾರ್ ತಾನೇ ಆಫ್ ಆಗುತ್ತದೆ. ಅದನ್ನು ತಪ್ಪಿಸುವ ಸೆಟ್ಟಿಂಗ್ ಇಲ್ಲ. ಹಿಂದಿನ ಸ್ಪೀಕರ್ ವೈರ್‌ಲೆಸ್ ಅಂದರೂ ಪ್ರತಿಯೊಂದಕ್ಕೂ ಕರೆಂಟ್ ವೈರ್ ಬೇಕೇ ಬೇಕು, ಪ್ಲಗ್ ಎಲ್ಲಿದೆ ನೋಡಿಕೊಂಡು ಕೊಳ್ಳಿ. ವೈಫೈ ರೂಟರ್ ಪಕ್ಕದಲ್ಲಿದ್ದಾಗ ಎಡಗಡೆಯದು ಟಕ್ ಟಕ್ ಅಂತ ಕಡಿದು ಹೋಗುತ್ತಿತ್ತು, ರೂಟರ್ ದೂರ ಇಟ್ಟ ಮೇಲೆ ಒಂದು ಸಲವೂ ಆಗಿಲ್ಲ.

ನೈಟ್ ಮೋಡ್ ಮಾತ್ರ ತುಂಬಾ ಚೆನ್ನಾಗಿದೆ. ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಮೇಲೆತ್ತುತ್ತದೆ. ರಾತ್ರಿ ಹನ್ನೊಂದಕ್ಕೆ ಪಕ್ಕದ ರೂಮಲ್ಲಿ ಅಮ್ಮ ಮಲಗಿದ್ದರೂ ಪಾತ್ರಗಳ ಪಿಸುಮಾತು ಕೇಳುತ್ತದೆ.

ಆನ್‌ಲೈನ್‌ನಲ್ಲಿ ಪೈಪೋಟಿಗೆ ಬಿದ್ದು ಶೂಟರ್ ಆಡುವವರಿಗೆ ವೈರ್ ಇರುವ ಒಳ್ಳೆಯ ಹೆಡ್‌ಫೋನೇ ಸಾಕು, ಅದರಲ್ಲಿ ರೂಮಿನ ಗುಂಯ್ ಇಲ್ಲ, ತಡವೂ ಇಲ್ಲ. ಒಂದೇ ಸೋಫಾದಲ್ಲಿ ಇಬ್ಬರು ಮೂವರು ಕೂತು ಆಡುವವರಿಗೆ, ಕಿವಿಗೆ ಏನೂ ಹಾಕಿಕೊಳ್ಳದೆ ಗೇಮ್‌ನ ಮಳೆಯಲ್ಲಿ ಕೂರಬೇಕು ಅನ್ನುವವರಿಗೆ ಈ ಸೆಟ್. ನಿಮ್ಮ ಟಿವಿಯಲ್ಲಿ ಇಎಆರ್‌ಸಿ (ಎಆರ್‌ಸಿಯ ಸುಧಾರಿತ ರೂಪ) ಇದ್ದು ಬಾರ್‌ನಲ್ಲೂ ಇದ್ದರೆ, ಆರು ಚಾನೆಲ್ ಪಿಸಿಎಂ ಕೂಡ ಆ ಒಂದೇ ವೈರ್‌ನಲ್ಲಿ ಬರುತ್ತದೆ, ನನ್ನ ಈ ವೈರ್ ಬದಲಾವಣೆ ಯಾವುದೂ ಬೇಕಾಗುವುದಿಲ್ಲ. ನನ್ನ ಟಿವಿ ಇನ್ನೂ ಚೆನ್ನಾಗಿದೆ, ಅದು ಇರುವಷ್ಟು ದಿನ ಸ್ವಿಚ್‌ನ ವೈರ್ ಬಾರ್‌ನಲ್ಲೇ ಇರುತ್ತದೆ.